ತಾತನ ಗಡಿಯಾರಕ್ಕೆ ತಂದ ಸಾಮಾನುಗಳು

ನಮ್ಮ ಮನೆಗೆ ಏನೇ ಸಾಮಾನು ತಂದರೂ, ತಂದ ಕೆಲಸವೊಂದನ್ನು ಬಿಟ್ಟು ಮಿಕ್ಕೆಲ್ಲಕ್ಕೂ ಒದಗುತ್ತದೆ. ಇದಕ್ಕೆ ಬೇಸರಪಟ್ಟು ಪ್ರಯೋಜನವಿಲ್ಲ ಎಂದು ಕಲಿಸಿದ್ದು ಒಂದು ಜೇಬುಗಡಿಯಾರ.

ಅದು ತೀರಿಹೋದ ತಾತನದು. ಪಿತೃಪಕ್ಷದಲ್ಲಿ ನಾವು ಹಿರಿಯರಿಗೆ ಎಡೆ ಇಡುತ್ತೇವೆ. ಅವರಿಗೆ ಇಷ್ಟವಾಗಿದ್ದ ಅಡುಗೆ, ಬಟ್ಟೆ, ಬೀಡಿ ಎಲ್ಲವೂ ಫೋಟೋದ ಮುಂದಿರುತ್ತವೆ. ಜೊತೆಗೆ ನಿಂತುಹೋದ ಈ ಗಡಿಯಾರ. ಹೋದ ವರ್ಷ ಅಜ್ಜಿ ಅದನ್ನು ನನ್ನ ಕೈಗಿಟ್ಟರು.

"ಬಿಎಸ್ಸಿ ಓದಿದ್ದೀಯ. ಎಡೆ ಹೊತ್ಗೆ ಇದು ಟಿಕ್ ಟಿಕ್ ಅನ್ಬೇಕು ಕಣ್ ಮಗ. ಕೆಟ್ಟೋಗಿರೋದ್ನೇ ವರ್ಸಾ ವರ್ಸಾ ಅವ್ರ ಮುಂದಿಡಕ್ಕೆ ನಂಗೇ ನಾಚ್ಕೆ ಆಯ್ತದೆ."

ಬಿಎಸ್ಸಿಯಲ್ಲಿ ಗಡಿಯಾರದ ಪಾಠ ಇರಲಿಲ್ಲ. ಓದಿಕೊಂಡೆ. ಹೊಸಬರಿಗೆ ನಾಲ್ಕು ಸಾಮಾನು ಸಾಕಂತೆ: ಸಣ್ಣ ಸ್ಕ್ರೂಡ್ರೈವರ್, ಚಿಮಟ, ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ, ಗಡಿಯಾರದ ಎಣ್ಣೆ. ಕಡಿಮೆಯಾದರೂ ಒಳ್ಳೆಯದಿರಬೇಕಂತೆ.

ಸ್ಕ್ರೂಡ್ರೈವರ್

ಇದರ ಮೂತಿ ಸ್ಕ್ರೂವಿನ ಗೀರಿಗೆ ಸರಿಯಾಗಿ ಕೂರಬೇಕು. ಇಲ್ಲದಿದ್ದರೆ ಜಾರಿ ಒಳಗೆಲ್ಲ ಗೀಚುತ್ತದೆ. ಪಿರಿಯಾಪಟ್ಟಣದ ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಮಿಲಿಮೀಟರಿನದು ಕೇಳಿದೆ.

"ಒಂದು ಮಿಲಿಮೀಟ್ರಾ? ಇರುವೆಗೇನಾದ್ರೂ ಆಪರೇಸನ್ ಮಾಡ್ಬೇಕಾ ಸಾರ್?"

ಆನ್‌ಲೈನಿನಲ್ಲಿ ತರಿಸಿದೆ. ಹಿಂದಿನ ಮುಚ್ಚಳ ತೆಗೆದರೆ ಸ್ಕ್ರೂಗಳ ತಲೆಗಳೆಲ್ಲ ಸವೆದಿದ್ದವು.

"ತಾತ ಇದನ್ನ ಯಾತರಲ್ಲಿ ಬಿಚ್ತಿದ್ರು ಅಜ್ಜಿ?"

"ಅಡ್ಕೆ ಕತ್ರೀಲಿ. ಅದು ಸಿಗ್ದೆ ಇದ್ರೆ ಕುಡ್ಗೋಲಲ್ಲಿ."

ಚಿಮಟ

ಚಿಮಟದ ತುದಿಗಳು ಕೂದಲೆಳೆಯನ್ನೂ ಹಿಡಿಯುವಷ್ಟು ಸರಿಯಾಗಿ ಕೂಡಬೇಕು. ತರಿಸಿದ ಮರುದಿನ ಒಂದು ತುದಿ ಮೈಸೂರಿಗೂ ಇನ್ನೊಂದು ಮಡಿಕೇರಿಗೂ ಮುಖ ಮಾಡಿತ್ತು. ಅಪ್ಪ ಜಗಲಿಯಲ್ಲಿ ಅಂಗಾಲು ಮೇಲೆ ಮಾಡಿ ಕೂತಿದ್ದರು.

"ಅಪ್ಪ, ಅದು ಗಡಿಯಾರ ರಿಪೇರಿದು."

"ಚಿಮ್ಟ ಇರೋದು ಮುಳ್ ಕೀಳಕ್ಕೆ ಕಣ್ಲಾ. ಒಳ್ಳೆ ಮಾಲು. ಎತ್ತಿನ ಗೊರಸಲ್ಲಿದ್ದಿದ್ದೂ ಬಂದ್ಬುಡ್ತು. ಇನ್ನೊಂದು ತರ್ಸು, ನಿಂಗೂ ಒಂದಿರ್ಲಿ."

ಭೂತಗನ್ನಡಿ

ಪಕ್ಕದ ಮನೆಯವರನ್ನು ನಾನು ದೊಡ್ಡಪ್ಪ ಎಂದೇ ಕರೆಯುವುದು. ಹೊಗೆಸೊಪ್ಪು ಹರಾಜಿಗೆ ಹೋಗುವ ಮುಂಚೆ ಎಲೆ ವಿಂಗಡಿಸುತ್ತಿದ್ದರು. ಎಲೆಯ ಮಚ್ಚೆ ನೋಡಿ ಕೊಡುತ್ತೇನೆಂದು ಭೂತಗನ್ನಡಿ ಒಯ್ದವರು ವಾಪಸು ತರಲಿಲ್ಲ. ಹೋಗಿ ನೋಡಿದರೆ ಅದನ್ನು ಕಣ್ಣಿಗೆ ಸಿಕ್ಕಿಸಿಕೊಂಡೇ ಕಾಫಿ ಕುಡಿಯುತ್ತಿದ್ದರು.

"ನೋಡ್ಲಾ ಮಗ, ಒಂದೊಂದು ಸೊಪ್ಪೂ ಬಾಳೆಲೆ ಆಗ್ಬುಟ್ಟದೆ! ಆದ್ರೆ ಇದ್ನ ನಾನು ಹಾಕ್ಕೊಂಡು ಏನ್ ಸುಖ? ಹರಾಜಲ್ಲಿ ಕೊಂಡ್ಕೊಳ್ಳೋರ್ ಕಣ್ಗೆ ಹಾಕ್ಬೇಕು."

ಎಣ್ಣೆ

ಸೂಜಿಮೊನೆಯಷ್ಟು ಸಾಕು. ಸೀಸೆ ಬಂದ ಕೂಡಲೇ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಆದ್ದರಿಂದ ಎಣ್ಣೆಯ ಬಗ್ಗೆ ಹೇಳುವಂಥದ್ದೇನೂ ನಡೆಯಲಿಲ್ಲ.

ಎಡೆ

ಎರಡನೆಯ ಚಿಮಟ ಬಂತು. ಭೂತಗನ್ನಡಿಯನ್ನು ದೊಡ್ಡಪ್ಪನ ಕಣ್ಣಿಂದ ಬಿಡಿಸಿ ತಂದೆ. ಬಿಚ್ಚಿದೆ, ಒರೆಸಿದೆ, ಜೋಡಿಸಿದೆ. ಎಡೆಯ ದಿನ ಬೆಳಿಗ್ಗೆ ಗಡಿಯಾರ ಓಡಿತು. ಅಜ್ಜಿ ಕಿವಿಗೆ ಹಿಡಿದು ಕೇಳಿದರು. ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಮುದ್ದೆ, ಮಟನ್ ಸಾರು, ಕ್ವಾರ್ಟರ್ ಬಾಟಲಿಗಳ ನಡುವೆ ಗಡಿಯಾರ ಕೂತಿತು. ಸಾಂಬ್ರಾಣಿ ಹಾಕಿ, ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಂತೆವು. ಟಿಕ್ ಟಿಕ್ ಕೇಳಿಸುತ್ತದೆಯೇ ಎಂದು ನಾನು ಬಾಗಿಲಿಗೆ ಕಿವಿಗೊಟ್ಟೆ. ಹಸಿದ ನೆಂಟರ ಗಲಾಟೆಯಲ್ಲಿ ಏನೂ ಕೇಳಿಸಲಿಲ್ಲ.

ಬಾಗಿಲು ತೆಗೆದಾಗ ಗಡಿಯಾರ ನಿಂತಿತ್ತು.

ಕೀ ಕೊಟ್ಟಿದ್ದೆ. ಎಣ್ಣೆಯೂ ಸರಿಯಿತ್ತು. ಸವೆದ ಸ್ಕ್ರೂ ಸಡಿಲವಾಗಿರಬೇಕು. ಅಷ್ಟನ್ನಾದರೂ ವಿವರಿಸೋಣವೆಂದು ಬಾಯಿ ತೆರೆದೆ. ಅಜ್ಜಿ ಕೈ ಅಡ್ಡ ಹಿಡಿದರು. ಅವರ ಮುಖ ಅರಳಿತ್ತು.

"ಬಂದಿದ್ರು ಕಣ್ರಪ್ಪ! ಮುಟ್ಟವ್ರೆ! ಅವ್ರು ಕೈ ಹಾಕ್ದೆ ಇದ್ರೆ ಇದು ನಿಲ್ತಿತ್ತಾ?"

ನೆಂಟರೆಲ್ಲ ಕೈಮುಗಿದರು. ಅಜ್ಜಿ ಗಡಿಯಾರವನ್ನು ಸೆರಗಿನಲ್ಲಿ ಒರೆಸಿ ಮತ್ತೆ ನನ್ನ ಕೈಗಿಟ್ಟರು.

"ಬರೋ ವರ್ಸಕ್ಕೂ ಸರಿ ಮಾಡಿಡು ಮಗ. ಕೆಡ್ಸಕ್ಕೆ ಅವ್ರು ಬತ್ತಾರೆ."