ಸಂಸಾರಯೋಗ್ಯ ಫೋನು

"ಈ ವಾರದೊಳಗೆ ನಮ್ಮ ಮನೆಯ ಫೋನು 'ಸಂಸಾರಯೋಗ್ಯ' ಅನ್ನಿಸಿಕೊಳ್ಳದಿದ್ರೆ ನನ್ನ ಹೆಸರು ಬದಲಾಯಿಸಿ!" ಎಂದು ಗುಂಪಿನ ಗೆಳೆಯರಿಗೆಲ್ಲ ಸಾರಿಬಿಟ್ಟಿದ್ದರು ಪ್ರಯೋಗರಾಯರು. ಅವರ ನಿಜವಾದ ಹೆಸರನ್ನು ಬೀದಿಯವರು ಎಂದೋ ಮರೆತಿದ್ದರು, ಹಾಗಾಗಿ ಪಣದಲ್ಲಿ ದೊಡ್ಡ ನಷ್ಟವೇನೂ ಇರಲಿಲ್ಲ.

ಹಳೆಯ ಮೊಬೈಲಿನ ಹೊಟ್ಟೆಯಲ್ಲಿದ್ದುದನ್ನೆಲ್ಲ ತೊಳೆದುಹಾಕಿ ಅಲ್ಲಿ ಲಿನಕ್ಸ್ ಎಂಬ ಬೇರೊಂದು ತಂತ್ರಾಂಶ ಕೂರಿಸುವುದು ಆ ಗುಂಪಿನ ಹವ್ಯಾಸ. ಹಾಗೆ ಕೂರಿಸಿದ್ದಕ್ಕೆ ಪೋರ್ಟ್ ಎನ್ನುತ್ತಾರೆ. ಒಂದು ಪೋರ್ಟಿನಲ್ಲಿ ಪರದೆ ಮಾತ್ರ ಬೆಳಗುತ್ತದೆ. ಇನ್ನೊಂದರಲ್ಲಿ ಮೆಸೇಜು ಹೋಗುತ್ತದೆ, ಕ್ಯಾಮೆರಾ ಕುರುಡು. ಎಲ್ಲವನ್ನೂ 'ನಡೆಯುತ್ತದೆ' ಎಂದು ಹೇಳಿ ಜನರ ದಾರಿ ತಪ್ಪಿಸಬಾರದು, ಒಂದೊಂದು ಬಗೆಗೂ ಒಂದೊಂದು ಹೆಸರಿರಬೇಕು ಎಂದು ಗುಂಪು ತೀರ್ಮಾನಿಸಿದಾಗ ಆ ಹೊಣೆ ಹೊತ್ತವರು ರಾಯರೇ. ಪರದೆ ಬೆಳಗಿದರೆ 'ಕಣ್ಣುಬಿಟ್ಟದ್ದು'. ಅರ್ಧಂಬರ್ಧ ನಡೆದರೆ 'ಅಂಬೆಗಾಲಿನದು'. ಎಲ್ಲವೂ ಸರಿಯಿದ್ದರೆ 'ಸಂಸಾರಯೋಗ್ಯ'! ಈ ಕೊನೆಯ ಪದವಿಗೆ ಮಾತ್ರ ಗುಂಪು ಒಂದು ಷರತ್ತು ಹಾಕಿತು: ಲಿನಕ್ಸಿನ ಗಂಧಗಾಳಿಯಿಲ್ಲದ ಮನೆಯವರೊಬ್ಬರು ವಾರವಿಡೀ ಗೊಣಗದೆ ಬಳಸಬೇಕು.

ಗೊಣಗದೆ! ರಾಯರ ಹೆಂಡತಿ ಹೊಲಿಗೆಯವಳು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೂ ಗೊಣಗಬಲ್ಲವಳು. ಅವಳು ಗಿರಾಕಿಯ ಅಳತೆಗೆ ಹೋಗಿದ್ದಾಗ ರಾಯರು ಅವಳ ಫೋನಿಗೇ ಲಿನಕ್ಸ್ ಕೂರಿಸಿ, ಏನೂ ಅರಿಯದವರಂತೆ ಕಾಲಾಡಿಸುತ್ತ ಕೂತರು.

ಅವಳು ಏದುಸಿರು ಬಿಡುತ್ತ ಬಂದಳು. "ರೀ, ದಾರೀಲಿ ಅಮ್ಮ ಸಿಕ್ಕಿದ್ಲು. ತಂಗಿಗೆ ಹೆರಿಗೆಯಾಗಿದೆ! ಇವತ್ತು ಅವಳೇ ನನಗೆ ಫೋನ್ ಮಾಡ್ತಾಳಂತೆ. ಎತ್ತದಿದ್ರೆ ಈ ಜನ್ಮದಲ್ಲಿ ಇನ್ನು ಮಾತಿಲ್ಲ ಅಂದಿದಾಳೆ."

ರಾಯರ ಕಾಲಾಟ ನಿಂತಿತು. ಹೊಲಿದುಕೊಟ್ಟ ಬಟ್ಟೆ ಬಿಗಿಯಾಯಿತೆಂದು ಶುರುವಾದ ಜಗಳದಿಂದ ಅಕ್ಕತಂಗಿಯರು ಮಾತು ಬಿಟ್ಟು ವರ್ಷವೇ ಆಗಿತ್ತು.

"ನೀನೇ ಮಾಡಬಹುದಲ್ಲ?" ಎಂದರು ಮೆಲ್ಲಗೆ.

ಅವಳು ಫೋನು ತಿರುಗಿಸಿ ನೋಡಿದಳು. "ನಂಬರುಗಳೆಲ್ಲ ಎಲ್ಲಿ?"

"ಲಿನಕ್ಸು..."

"ನುಂಗಿತಾ? ಸಿಮ್ ತೆಗೆದು ನಿಮ್ಮ ಫೋನಿಗೆ ಹಾಕಿ!"

"ನನ್ನದು ಇನ್ನೂ 'ಕಣ್ಣುಬಿಟ್ಟದ್ದು' ಕಣೇ."

"ನನ್ನ ಕಣ್ಣು ಮುಚ್ಚಿಸೋಕೇ ಹುಟ್ಟಿದೀರಿ ನೀವು!"

ಇನ್ನೊಂದು ಸತ್ಯವನ್ನು ರಾಯರು ಗುಟುಕುಗುಟುಕಾಗಿ ಹೊರಹಾಕಿದರು. ಪರದೆ ಆರಿದರೆ ಅವಳ ಫೋನಿಗೆ ಕುಂಭಕರ್ಣನ ನಿದ್ದೆ; ಕರೆ ಬಂದದ್ದೇ ತಿಳಿಯುವುದಿಲ್ಲ. ಪರದೆ ಆರದಂತೆ ಒತ್ತುತ್ತಲೇ ಇರಬೇಕು. ಒತ್ತಿದರು. ಊಟ ಮಾಡುತ್ತ ಎಡಗೈಯಲ್ಲಿ ಒತ್ತಿದರು. ಬಚ್ಚಲಿಗೂ ಒಯ್ದು ಒತ್ತಿದರು. "ಒತ್ತುತ್ತಿದೀರಾ?" ಎಂದು ಅವಳು ಬಾಗಿಲಾಚೆಯಿಂದ ಕೂಗುತ್ತಿದ್ದಳು. ಹೊಲಿಗೆ ಯಂತ್ರದ ಮುಂದೆ ಕೂತರೂ ಅವಳ ಕಾಲು ಪೆಡಲು ತುಳಿಯಲಿಲ್ಲ. ಮನಸ್ಸಿನಲ್ಲೇ ದೇವರನ್ನು ಕರೆದಳು. ಆ ಒಂದು ಕರೆಗೆ ಯಾವ ಪೋರ್ಟೂ ಬೇಕಿರಲಿಲ್ಲ.

ಇಳಿಹೊತ್ತಿಗೆ ಫೋನು ಬಡಿದುಕೊಂಡಿತು! ರಾಯರು ಅದನ್ನು ಕೈತಪ್ಪಿಸಿ, ಹಿಡಿದು, ಹೆಂಡತಿಯ ಕೈಗಿತ್ತರು.

"ಪುಟ್ಟೀ! ಹೇಗಿದೀಯೇ?"

"ಅಕ್ಕಾ? ಇದೀಯಾ?"

"ಇದೀನಿ ಕಣೇ! ಇಲ್ಲೇ ಇದೀನಿ!" ಕೂಗಿಗೆ ಎದುರು ಮನೆಯ ಕಿಟಕಿ ತೆರೆಯಿತು. ತಂಗಿಗೆ ಮಾತ್ರ ಕೇಳಲಿಲ್ಲ. ಮೈಕು! ರಾಯರು ಅದನ್ನು ಪರೀಕ್ಷಿಸಿಯೇ ಇರಲಿಲ್ಲ.

ಈಗ ಕರೆ ಕಡಿಯಿತು, ಸಂಬಂಧವೂ ಕಡಿಯಿತು ಎಂದು ರಾಯರು ಗೋಡೆಗೊರಗಿದರು. ಅಷ್ಟರಲ್ಲಿ ಆಚೆಯಿಂದ ಬಿಕ್ಕು ಕೇಳಿಸಿತು.

"ಇನ್ನೂ ಕೋಪಾನಾ? ಸರಿ, ನೀನು ಮಾತಾಡಬೇಡ. ನಾನೇ ಹೇಳ್ತೀನಿ. ಆ ಬಟ್ಟೆ ಬಿಗಿಯಾಗಿರ್ಲಿಲ್ಲ ಅಕ್ಕಾ, ನಾನೇ ದಪ್ಪ ಆಗಿದ್ದೆ. ಒಪ್ಪಿಕೊಳ್ಳೋಕೆ ನಾಚಿಕೆಯಾಗಿ ತಪ್ಪನ್ನ ನಿನ್ನ ಕತ್ತರಿಯ ಮೇಲೆ ಹಾಕಿದೆ..."

ಅವಳು ಹೇಳುತ್ತಲೇ ಹೋದಳು. ಅಕ್ಕ ಕೇಳುತ್ತ ಕಣ್ಣೀರಿಟ್ಟಳು. ಮಾತು ಮುಗಿಯುವ ಮುನ್ನವೇ ಗಂಡಹೆಂಡಿರು ಫೋನು ಕಿವಿಗಿಟ್ಟುಕೊಂಡೇ ಆಸ್ಪತ್ರೆಗೆ ಓಡಿದರು.

ತಂಗಿ ಹಾಸಿಗೆಯಿಂದಲೇ ಅಕ್ಕನ ಕೈ ಹಿಡಿದಳು. "ಹುಟ್ಟಿದಾಗಿಂದ ನೀನು ನಡುವೆ ಬಾಯಿ ಹಾಕದೆ ನನ್ನ ಮಾತು ಕೇಳಿದ್ದು ಇವತ್ತೇ ಅಕ್ಕಾ!"

ರಾಯರಿಗೆ ಹೋದ ಜೀವ ಬಂತು, ಅದರ ಜೊತೆಗೇ ಎದೆಯೂ ಉಬ್ಬಿತು. "ಅದು ನನ್ನ ಪೋರ್ಟಿನ ಮಹಿಮೆಯಮ್ಮಾ! ಮೈಕು ಕೆಲಸ ಮಾಡಲ್ಲ ನೋಡು. ಈಗ ಇದಕ್ಕಂತಲೇ ಒಂದು ಹೊಸ ಬಗೆ, ಹೊಸ ಹೆಸರು..." ಎಂದು ದನಿಯೇರಿಸಿದರು.

ತೊಟ್ಟಿಲಲ್ಲಿ ಮಗು ಮುಖ ಸಿಂಡರಿಸಿತು.

"ಭಾವಾ," ಎಂದಳು ನಾದಿನಿ ಕೈಮುಗಿದು, "ಆ ಪೋರ್ಟನ್ನ ನೀವೂ ಹಾಕಿಸ್ಕೊಳ್ಳಿ. ಮಗು ಮಲಗಿದೆ!"