ದೋಣಿ ಎಂಜಿನ್ನಿಗೆ ತಗಡಿನ ಟೋಪಿ

ನಾನು ಯಾವುದಾದರೂ ಕೆಲಸವನ್ನು ನೆಟ್ಟಗೆ ಮಾಡೋಣ ಅಂತ ಸುತ್ತಿಗೆ ಎತ್ತಿದಾಗಲೆಲ್ಲ ಹೀಗೇ ಏನಾದರೊಂದು ಆಗುತ್ತದೆ. ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ನನ್ನದೊಂದು ತಗಡಿನ ಕೆಲಸದ ಶೆಡ್ಡಿತ್ತು. ಲಾರಿ ಮಡ್ಗಾರ್ಡು, ಬಸ್ಸಿನ ಬಾಗಿಲು, ಎಣ್ಣೆ ಡಬ್ಬ, ಏನೇ ಬಂದರೂ ಬಡಿದು ಕೊಡುತ್ತಿದ್ದೆ. ಆಗಲ್ಲ ಅನ್ನುವ ಮಾತು ನನ್ನ ಬಾಯಲ್ಲಿ ಬಂದದ್ದು ಕಡಿಮೆ. ಈ ಧೈರ್ಯ ನೋಡಿಯೇ ಹರಿಹರದ ಹೊಳೆಯ ದೋಣಿಗಳೂ ನನ್ನನ್ನು ಹುಡುಕಿಕೊಂಡು ಬಂದವು.

ಆಗಿನ್ನೂ ಮೋಟಾರ್ ದೋಣಿ ನೋಡಿದವರೇ ನಮ್ಮ ಕಡೆ ಅಪರೂಪ. ಎಂಜಿನ್ನು ದೋಣಿಯ ಹಿಂದೆ, ಹೊರಗಡೆಗೇ ನೇತುಹಾಕಿರುತ್ತಾರೆ. ಕಾಲು ನೀರಲ್ಲಿ, ತಲೆ ಮೇಲೆ. ಆ ತಲೆಗೊಂದು ಮುಚ್ಚಳ. ನನ್ನ ಕಥೆಗಳೆಲ್ಲ ಆ ಮುಚ್ಚಳದ್ದೇ.

ಆಫೀಸಿನ ಅಳತೆ

ಹೊಳೆಯಲ್ಲಿ ನೀರೆಷ್ಟು ಹರಿಯುತ್ತದೆ ಅಂತ ಅಳೆಯುವ ಕಚೇರಿಯೊಂದು ಹರಿಹರದಲ್ಲಿತ್ತು. ಅದರ ಓವರ್‌ಸಿಯರ್ ಒಂದು ದಿನ ಶೆಡ್ಡಿಗೆ ಬಂದರು.

"ಮೇಸ್ತ್ರಿ, ನಮ್ಮ ದೋಣಿ ಎಂಜಿನ್ನಿನ ಮುಚ್ಚಳ ಮಡುವಿನಾಗೆ ಬಿದ್ದು ಹೋತು. ಹೊಸದು ಮಾಡಿಕೊಡ್ರಿ" ಅಂದರು.

"ಒಂದ್ಸಲ ಎಂಜಿನ್ ನೋಡ್ತೀನ್ರಿ."

"ನೋಡೋದೇನೈತೆ. ಅಳತೆ ಬರೆಸ್ಕಂಡು ಬಂದೀನಿ. ಆಫೀಸಿನ ಅಳತೆ" ಅಂತ ಟೈಪು ಮಾಡಿದ ಕಾಗದ ಕೊಟ್ಟರು. ಕೆಳಗೆ ಸೀಲೂ ಇತ್ತು.

ಎರಡೂವರೆ ಅಡಿ ಅಗಲ, ನಾಲ್ಕಡಿ ಎತ್ತರ. ಸ್ವಲ್ಪ ಜಾಸ್ತಿ ಅನ್ನಿಸಿತು. ಆದರೆ ಸರ್ಕಾರದ ಎಂಜಿನ್ನು, ದೊಡ್ಡದೇ ಇರಬೇಕು ಅಂದುಕೊಂಡು ಮಾಡಿದೆ. ಬಸ್ಸಿನ ಟಾಪ್ ಮೇಲೆ ಕಟ್ಟಿಸಿಕೊಂಡು ಹರಿಹರಕ್ಕೆ ಒಯ್ದು ನಾನೇ ಎಂಜಿನ್ನಿನ ಮೇಲೆ ಇಳಿಸಿದೆ. ಎಂಜಿನ್ನು, ಅದರ ಹಿಡಿ, ಹಗ್ಗ, ಎಲ್ಲ ಮಾಯವಾಯಿತು. ಮುಚ್ಚಳದ ಅಂಚು ಹೋಗಿ ನೀರಿನಲ್ಲಿ ನಿಂತಿತು.

ಓವರ್‌ಸಿಯರ್ ಒಂದು ಸುತ್ತು ನೋಡಿ, "ಎಂಜಿನ್ ಒಳಗೇ ಐತಲ್ಲ?" ಅಂದರು.

"ಐತ್ರಿ."

"ಚಾಲು ಮಾಡೋದು ಹೆಂಗೆ?"

ಆಮೇಲೆ ವಿಚಾರಿಸಿದರೆ, ಗುಮಾಸ್ತರು ರಿಜಿಸ್ಟರು ನೋಡಿ ಬರೆದುಕೊಟ್ಟದ್ದು ಎಂಜಿನ್ನು ಬಂದಿದ್ದ ಕಟ್ಟಿಗೆ ಪೆಟ್ಟಿಗೆಯ ಅಳತೆ. ಮಾಡಿದ್ದು ಮಾಡಿಯಾಗಿತ್ತು, ಸಾಮಾನು ಪುಸ್ತಕಕ್ಕೂ ಏರಿತ್ತು. ಬಿಸಾಡುವ ಹಾಗಿಲ್ಲ. ಕಚೇರಿಯ ಅಂಬಿಗ, ಅರವತ್ತು ದಾಟಿದ ಮನುಷ್ಯ, "ನಮ್ಮನ್ಯಾಗೆ ಜೋಪಾನ ಇಡ್ತೀನಿ ಬಿಡ್ರಿ" ಅಂತ ಹೊತ್ತುಕೊಂಡು ಹೋದ.

ಮುಂದಿನ ವರ್ಷ ತಪಾಸಣೆಗೆ ಬಂದ ಸಾಹೇಬರು ಪುಸ್ತಕ ಹಿಡಿದುಕೊಂಡು, "ಎಂಜಿನ್ ಮುಚ್ಚಳ, ಒಂದು. ಎಲ್ಲಿ ತೋರಿಸಿ" ಅಂದರಂತೆ. ಅಂಬಿಗ ಮನೆಗೆ ಕರೆದುಕೊಂಡು ಹೋಗಿ ಹಿತ್ತಲಲ್ಲಿ ಅದನ್ನು ಎತ್ತಿ ತೋರಿಸಿದ. ಒಳಗೆ ಒಂದು ಹೇಟೆ ಕೋಳಿ, ಹನ್ನೊಂದು ಮರಿ.

ಸಾಹೇಬರು ಪೆನ್ನು ಹಿಡಿದು ನಿಂತುಬಿಟ್ಟರು. "ಇದನ್ನ ಏನಂತ ಬರೀಲಿ?"

ಓವರ್‌ಸಿಯರ್ ತಲೆ ತಗ್ಗಿಸಿ, "ಉಪಯೋಗದಲ್ಲಿದೆ ಅಂತ ಬರೀರಿ ಸಾರ್. ಸುಳ್ಳೇನಲ್ಲ" ಅಂದರು.

ಹನಿ ನೀರು ಹೋಗಬಾರದು

ಎರಡನೇ ಸಲ ನಾನು ಕಾಗದ ನಂಬಲಿಲ್ಲ. ಹರಿಹರಕ್ಕೆ ಹೋಗಿ ಎಂಜಿನ್ನನ್ನು ಮೈಯೆಲ್ಲ ಮುಟ್ಟಿ ಅಳೆದುಕೊಂಡು ಬಂದೆ. ನನ್ನ ಡಬ್ಬದಿಂದ ಹನಿ ಎಣ್ಣೆ ಸೋರಿದ್ದನ್ನು ಕಂಡವರಿಲ್ಲ. ಅದೇ ಕೈಯಲ್ಲಿ ಮುಚ್ಚಳ ಮಾಡಿ, ಅಂಚಿಗೆ ಟ್ಯೂಬಿನ ರಬ್ಬರು ಕೂರಿಸಿದೆ. "ಹೊಳೆ ಇದರ ತಲೆ ಮೇಲೆ ಹರಿದರೂ ಒಳಗೆ ಹನಿ ನೀರು ಹೋಗಲ್ಲ" ಅಂತ ದಂಡೆಯ ಮೇಲೆ ನಿಂತವರಿಗೆಲ್ಲ ಕೇಳುವ ಹಾಗೆ ಹೇಳಿದೆ.

ದೋಣಿ ನಾಲ್ಕು ಮಾರು ಹೋಯಿತು. ಎಂಜಿನ್ನು ಕೆಮ್ಮಿ ನಿಂತಿತು. ಮುಚ್ಚಳ ತೆಗೆದು ಹಗ್ಗ ಎಳೆದರೆ ಚಾಲೂ ಆಯಿತು. ಮುಚ್ಚಿದರೆ ಮತ್ತೆ ಕೆಮ್ಮಿ ನಿಂತಿತು. ಓವರ್‌ಸಿಯರ್ ಪೆಟ್ರೋಲಿನಲ್ಲಿ ನೀರು ಸೇರಿದೆ ಅಂದರು. ನಾನು ಪ್ಲಗ್ಗು ಹೋಗಿದೆ ಅಂದೆ. ಪೆಟ್ರೋಲನ್ನು ಅವರ ಪಂಚೆಯ ಚುಂಗಿನಲ್ಲಿ ಸೋಸಿದೆವು. ಪ್ಲಗ್ಗನ್ನು ಬಿಚ್ಚಿ ಉಜ್ಜಿದೆವು. ಹೀಗೇ ಒಂದು ಗಂಟೆ ಕಳೆಯಿತು. ಅಂಬಿಗ ಅಷ್ಟೂ ಹೊತ್ತು ಬೀಡಿ ಸೇದುತ್ತ ನೋಡುತ್ತಿದ್ದವನು, "ಒಂದು ಮಾತು ಹೇಳಲೇನ್ರಿ?" ಅಂದ.

"ಹೇಳಪ್ಪ."

"ಮುಚ್ಚಿದರೆ ಸಾಯ್ತೈತೆ, ತೆಗೆದರೆ ಬದುಕ್ತೈತೆ. ಅದಕ್ಕೆ ಉಸಿರು ಕಟ್ತೈತೆ ಅಷ್ಟೆ. ನೀರು ಹೋಗಬಾರದು ಅಂತ ನೀವು ಗಾಳಿಯನ್ನೂ ಬಿಟ್ಟಿಲ್ಲ."

ನಾನು ಮುಚ್ಚಳದ ಹಿಂದುಗಡೆ ನಾಲ್ಕು ಸೀಳು ಹೊಡೆದು, ನೀರು ಹಾರದ ಹಾಗೆ ಅವುಗಳ ಮೇಲೆ ಸಣ್ಣ ಸಣ್ಣ ತಗಡಿನ ಸೂರು ಇಳಿಸಿದೆ. ದೋಣಿ ಆಚೆ ದಂಡೆ ಮುಟ್ಟಿ ವಾಪಸು ಬಂತು.

ಮನೆಗೆ ಬಂದು ಊಟಕ್ಕೆ ಕೂತಾಗ ಇದನ್ನೆಲ್ಲ ನಮ್ಮ ಮನೆಯವಳಿಗೆ ವಿವರಿಸಿದೆ. ಅಂಬಿಗನ ಮಾತನ್ನು ನಾನೇ ಹೇಳಿದ ಹಾಗೆ ಸ್ವಲ್ಪ ತಿದ್ದಿಕೊಂಡಿದ್ದೆ. "ಎಂಜಿನ್ನಿನ ಕಷ್ಟ ನಾವು ಅರ್ಥ ಮಾಡ್ಕಬೇಕು" ಅಂದೆ.

ಅವಳು ಒಲೆ ಹೊಗೆಯೊಳಗೆ ಕೂತು ರೊಟ್ಟಿ ತಿರುವಿ ಹಾಕುತ್ತ, "ಅದು ಎರಡು ಸಲ ಕೆಮ್ಮಿದ್ದಕ್ಕೆ ನಾಕು ಕಿಟಕಿ ಇಟ್ರಿ. ನಾನು ಮದುವೆ ಆದಾಗಿಂದ ಕೆಮ್ತಿದೀನಿ" ಅಂದಳು.

ಹಿಂದೆ ಬರೆದದ್ದು

ಆ ಮುಚ್ಚಳಕ್ಕೆ ಬಣ್ಣ ಬಳಿದು ಕಚೇರಿಯ ಗುರುತು ಬರೆಸಬೇಕಾಯಿತು. ನಮ್ಮ ಶೆಡ್ಡಿನ ಪಕ್ಕದಲ್ಲೇ ಲಾರಿಗಳಿಗೆ ಬೋರ್ಡು ಬರೆಯುವ ಪೇಂಟರ್ ಇದ್ದ. ಅಕ್ಷರ ಅಂದರೆ ಮುತ್ತು. "ದೋಣಿಯ ಹಿಂಭಾಗಕ್ಕೆ ಬರೋದು, ಚಂದಾಗಿ ಬರಿ" ಅಂತ ಹೇಳಿ ನಾನು ಊಟಕ್ಕೆ ಹೋದೆ. ಹಿಂಭಾಗ ಅನ್ನುವ ಮಾತು ಮಾತ್ರ ಅವನ ಕಿವಿಗೆ ಬಿದ್ದಿತ್ತು. ಇಪ್ಪತ್ತು ವರ್ಷದಿಂದ ಲಾರಿಯ ಹಿಂಭಾಗಕ್ಕೆ ಏನು ಬರೆದಿದ್ದನೋ ಅದನ್ನೇ ಬರೆದಿದ್ದ: ಹಾರ್ನ್ ಮಾಡಿ.

ಓವರ್‌ಸಿಯರ್ ಸಿಟ್ಟಾದರು. "ಹೊಳ್ಯಾಗೆ ಹಾರ್ನ್ ಮಾಡೋರು ಯಾರ್ರಿ?"

ಎಂಟು ದಿನ ಬಿಟ್ಟು ಅಳಿಸಲು ಹೋದರೆ ಅವರೇ ತಡೆದರು. "ಇರಲಿ ಬಿಡ್ರಿ. ಓದು ಬಲ್ಲೋನೊಬ್ಬ ಎಲ್ರಿಗೂ ಹೇಳಿಬಿಟ್ಟಾನೆ. ಈಗ ಹರಿಗೋಲಿನೋರು ಹಿಂದೆ ಬಂದಾಗ ಬಾಯಲ್ಲೇ ಪೋಂ ಪೋಂ ಅಂತಾರೆ."

ಕಂಬಳಿ

ನನ್ನ ಮುಚ್ಚಳದಲ್ಲಿ ಒಂದೇ ಒಂದು ಕೊರತೆ ಇತ್ತು. ಎಂಜಿನ್ನು ಓಡುವಾಗ ತಗಡು ತಮಟೆ ಬಡಿದ ಹಾಗೆ ಸದ್ದು ಮಾಡುತ್ತಿತ್ತು. ತಿಂಗಳಿಗೊಮ್ಮೆ ಬರುವ ದೊಡ್ಡ ಎಂಜಿನಿಯರು ಭಾರಿ ಮೈಯವರು, ದೋಣಿಯ ಮುಂದುಗಡೆ ಕೂರುತ್ತಿದ್ದರು. ಏನು ಕೇಳಿದರೂ ಹಿಂದೆ ಕೂತ ಓವರ್‌ಸಿಯರಿಗೆ ಕೇಳಿಸುತ್ತಿರಲಿಲ್ಲ. "ಈ ಸದ್ದು ನಿಲ್ಲಿಸೋಕೆ ಆಗುತ್ತಾ?" ಅಂತ ನನ್ನನ್ನೇ ಕರೆಸಿ ಕೇಳಿದರು.

"ಯಾಕಾಗಲ್ಲ ಸಾರ್" ಅಂದೆ.

ಹಳೇ ಕಂಬಳಿ ಕತ್ತರಿಸಿ, ಮುಚ್ಚಳದ ಒಳಮೈಗೆ ರಿವೆಟ್ಟು ಹೊಡೆದು ಕೂರಿಸಿದೆ. ತಗಡಿನ ಸದ್ದು ಪೂರ್ತಿ ಹೋಗಿ ಬರೀ ಗುಂಯ್ ಅನ್ನುವುದು ಉಳಿಯಿತು. ಮುಂದಿನ ತಿಂಗಳು ಎಂಜಿನಿಯರು ಬಂದು ಮುಂದೆ ಕೂತರು. ದೋಣಿ ಹೊರಟಿತು. ನಾನೂ ಅದರಲ್ಲೇ ಇದ್ದೆ. ಹಿಂದಿನ ಸದ್ದಿನಲ್ಲಿ ಮಾತಾಡಿ ಮಾತಾಡಿ ಓವರ್‌ಸಿಯರಿಗೂ ಅಂಬಿಗನಿಗೂ ಕಿರುಚಿಯೇ ರೂಢಿ.

ಓವರ್‌ಸಿಯರ್ ಎಂದಿನ ಗಂಟಲಲ್ಲಿ, "ನೋಡೋ, ಇವತ್ತೂ ತಿಂಡಿ ಜೋರಾಗೈತೆ. ದೋಣಿ ಮೂತಿ ನೀರಿಗಿಳಿದೈತೆ" ಅಂದರು.

ಅಂಬಿಗ ಬಗ್ಗಿ ನೋಡಿ ಅದೇ ಗಂಟಲಲ್ಲಿ, "ಹೋದ ತಿಂಗಳಿಗಿಂತ ನಾಕು ಬೆರಳು ಹೆಚ್ಚಿಗೆ ಐತ್ರಿ" ಅಂದ.

ಎಂಜಿನಿಯರು ನಿಧಾನಕ್ಕೆ ತಿರುಗಿ, "ಹೊಳೆಯ ನೀರನ್ನೂ ಇಷ್ಟು ಕರಾರುವಾಕ್ಕಾಗಿ ಅಳೆದಿದ್ದರೆ ಚೆನ್ನಾಗಿರುತ್ತಿತ್ತು" ಅಂದರು.

ಮರುದಿನ ನಾನು ಶೆಡ್ಡಿನ ಬಾಗಿಲು ತೆಗೆಯುವ ಮೊದಲೇ ಓವರ್‌ಸಿಯರ್ ಮುಚ್ಚಳ ಹಿಡಿದು ನಿಂತಿದ್ದರು. "ಮೇಸ್ತ್ರಿ, ಆ ಕಂಬಳಿ ಕಿತ್ತುಬಿಡ್ರಿ. ನಮಗೆ ಸದ್ದು ಬೇಕು."

ದೊಡ್ಡ ಎಂಜಿನ್ನು

ಮಲೆಬೆನ್ನೂರಿನ ಕಡೆಯ ಅಕ್ಕಿ ಗಿರಣಿ ಯಜಮಾನರೊಬ್ಬರಿಗೆ ಹರಿಹರದ ಕೆಳಗೆ ಹೊಳೆಯಾಚೆ ತೋಟವಿತ್ತು. ಓಡಾಡಲು ಒಂದು ದೋಣಿ, ಅದಕ್ಕೊಂದು ಎಂಜಿನ್ನು ತಂದರು. ಎಂಜಿನ್ನುಗಳಲ್ಲೇ ತೀರ ಚಿಕ್ಕದು ಅದು. ಅವರ ಭಾವಮೈದುನ ನೋಡಿ, "ಇದೇನು ಭಾವಾ, ಕಾಫಿ ಬೀಜ ಪುಡಿ ಮಾಡೋದಾ?" ಅಂದುಬಿಟ್ಟ. ಯಜಮಾನರು ಆವತ್ತೇ ನನ್ನ ಶೆಡ್ಡಿಗೆ ಬಂದರು.

"ಮೇಸ್ತ್ರಿ, ಎಂಜಿನ್ ಎಷ್ಟಾರ ಇರಲಿ. ಮುಚ್ಚಳ ದೊಡ್ಡದು ಬೇಕು."

ದೊಡ್ಡದೇ ಮಾಡಿದೆ. ಎಣ್ಣೆ ಪೀಪಾಯಿಯಷ್ಟು ದಪ್ಪ, ಕೆಂಪು ಬಣ್ಣ, ಸೊಂಟಕ್ಕೆ ಹಿತ್ತಾಳೆ ಪಟ್ಟಿ. ಎಂಜಿನ್ನಿನ ಉಸಿರಾಟಕ್ಕೆ ಧಾರಾಳ ಜಾಗ ಬಿಟ್ಟಿದ್ದೆ. ದಂಡೆಗೆ ಜನ ಬಂದು ಅದನ್ನು ಮುಟ್ಟಿ ನೋಡಿ ಹೋಗುತ್ತಿದ್ದರು. ಭಾವಮೈದುನನೂ ಎರಡು ಸಲ ಬಂದು ಹಿತ್ತಾಳೆ ಪಟ್ಟಿ ಸವರಿ ಹೋದ.

ಆ ಮಳೆಗಾಲ ಹೊಳೆ ಒಂದೇ ಸಮ ಏರಿತು. ನಮ್ಮಲ್ಲಿ ಮಳೆ ನಿಂತು ಬಿಸಿಲು ಬಿದ್ದಿತ್ತು, ಮೇಲಿನ ಸೀಮೆಯ ನೀರು ಬರುತ್ತಿತ್ತು. ಕೆಳಗಡೆ ಹೊಲದ ನಡುವಿನ ಒಂದು ದಿಬ್ಬದ ಮೇಲೆ ಒಂಬತ್ತು ಜನ ಸಿಕ್ಕಿಕೊಂಡರು. ಅಳತೆ ಕಚೇರಿಯ ದೋಣಿ ರಿಪೇರಿಗೆ ಹೋಗಿತ್ತು. ತಹಸೀಲ್ದಾರರು ಜೀಪಿನಲ್ಲಿ ನೇರ ಯಜಮಾನರ ದೋಣಿಯ ಹತ್ತಿರ ಬಂದಿಳಿದರು. ಅವತ್ತು ನಾನು ಮುಚ್ಚಳದ ಒಂದು ಕೊಂಡಿ ಬಿಗಿ ಮಾಡಲು ಬಂದು ಅಲ್ಲೇ ಇದ್ದೆ.

"ಈ ತಾಲ್ಲೂಕಿನಲ್ಲಿ ಇಷ್ಟು ದೊಡ್ಡ ಎಂಜಿನ್ ನಿಮ್ಮದೊಂದೇ ಅಂತಲ್ಲ" ಅಂದರು ತಹಸೀಲ್ದಾರರು.

ಯಜಮಾನರು ನನ್ನ ಮುಖ ನೋಡಿದರು. ಸುತ್ತ ಊರಿಗೆ ಊರೇ ನಿಂತಿತ್ತು, ಭಾವಮೈದುನನೂ ಇದ್ದ. ನಿಜ ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಜೀವವೇ ಹೋದೀತು. ನನ್ನನ್ನು ಪಕ್ಕಕ್ಕೆ ಕರೆದು, "ಏನ್ಮಾಡೋದು ಮೇಸ್ತ್ರಿ?" ಅಂದರು.

ಜನರ ನಡುವೆ ನಿಂತಿದ್ದ ಅಳತೆ ಕಚೇರಿಯ ಅಂಬಿಗನನ್ನು ಕೇಳಿದೆ. ಅವನು ಹೊಳೆಯನ್ನೂ ದಿಬ್ಬವನ್ನೂ ನೋಡಿ, "ಮ್ಯಾಲಿಂದ ಬಿಡಾಣ. ಹೊಳೆನೇ ನಮ್ಮನ್ನ ಒಯ್ತೈತೆ. ಮಷೀನು ಬರೀ ತಡ್ಕಳ್ಳಾಕೆ ಸಾಕು" ಅಂದ. ಅಂಬಿಗ, ಯಜಮಾನರು, ನಾನು, ಮೂವರೂ ಹತ್ತಿದೆವು.

ದೋಣಿಯ ಮೂತಿ ಸೆಳವಿಗೆ ಎದುರಾಗಿತ್ತು. ಎಂಜಿನ್ನು ಇದ್ದ ಶಕ್ತಿಯನ್ನೆಲ್ಲ ಹಾಕಿ ಮುಂದಕ್ಕೆ ಓಡುತ್ತಿತ್ತು. ದೋಣಿ ಮಾತ್ರ ನಿಧಾನಕ್ಕೆ ಹಿಂದಕ್ಕೆ ಹೋಗುತ್ತಿತ್ತು. ಅಂಬಿಗ ಉದ್ದನೆ ಬೊಂಬಿನಲ್ಲಿ ಹಾದಿ ತಿದ್ದುತ್ತಿದ್ದ. ದಂಡೆಯಲ್ಲಿ ಯಾರೋ, "ಹಿಂದಕ್ಕೆ ಯಾಕ ಹೊಂಟಾರೆ?" ಅಂತ ಕೇಳಿದ್ದಕ್ಕೆ ತಹಸೀಲ್ದಾರರು, "ದೊಡ್ಡ ಎಂಜಿನ್, ರಿವರ್ಸ್ ಗೇರು ಇರುತ್ತೆ" ಅಂತ ತಿಳಿಸಿ ಹೇಳಿದರಂತೆ.

ದಿಬ್ಬ ಮುಟ್ಟಿದೆವು. ಅಲ್ಲಿಂದ ಆಚೆ ದಡ ಹತ್ತಿರ, ಸೆಳವೂ ಕಡಿಮೆ. ಎರಡು ಸರ್ತಿ ಹೋಗಿ ಬಂದು ಒಂಬತ್ತೂ ಜನರನ್ನು ದಡಕ್ಕೆ ಮುಟ್ಟಿಸಿದೆವು. ಕೊನೆಯವಳು ಕುಕ್ಕುವಾಡದಿಂದ ಮಗಳ ಮನೆಗೆ ಬಂದಿದ್ದ ಒಬ್ಬ ಅಜ್ಜಿ. ಅವಳನ್ನು ನಾನೇ ಕೈ ಹಿಡಿದು ಇಳಿಸಿದೆ. ಯಜಮಾನರು ದೋಣಿಯಲ್ಲೇ ಕೂತು ಮುಖಕ್ಕೆ ಟವೆಲ್ ಮುಚ್ಚಿಕೊಂಡು ಅತ್ತುಬಿಟ್ಟರು.

ಈಚೆ ದಂಡೆಯಲ್ಲಿದ್ದ ತಹಸೀಲ್ದಾರರು, ಜನ ಎಲ್ಲ ಸೇತುವೆ ದಾಟಿ ಜೀಪು, ಲಾರಿಯಲ್ಲಿ ಬಂದಿಳಿದರು. ಯಾರೋ ಹಾರ ತಂದಿದ್ದರು. ಯಜಮಾನರು ಕಣ್ಣೊರೆಸಿಕೊಂಡು ಕತ್ತು ಬಗ್ಗಿಸಿದರು. ತಹಸೀಲ್ದಾರರು, "ತಡೀರಿ, ಮೊದಲ ಹಾರ ಎಂಜಿನ್ನಿಗೆ" ಅಂತ ಕೆಂಪು ಮುಚ್ಚಳಕ್ಕೆ ಹಾರ ಹಾಕಿ, ಓರೆಯಾಗಿದ್ದನ್ನು ಸರಿ ಮಾಡಲು ಎಳೆದರು. ಅಲುಗಾಡಿ ಅಲುಗಾಡಿ ಕೊಂಡಿ ಸಡಿಲವಾಗಿತ್ತು. ಮುಚ್ಚಳ ಹಾರದ ಸಮೇತ ಅವರ ಕೈಗೆ ಬಂತು.

ಒಳಗೆ ತಂಬಿಗೆಗಿಂತ ಒಂದಿಷ್ಟು ದೊಡ್ಡದಾದ ಎಂಜಿನ್ನು, ಮೈಯೆಲ್ಲ ಹಬೆಯಾಡುತ್ತ ನಿಂತಿತ್ತು. ಭಾವಮೈದುನ ಬಾಯಿ ತೆರೆಯುವಷ್ಟರಲ್ಲಿ ಕುಕ್ಕುವಾಡದ ಅಜ್ಜಿ ಮುಂದೆ ಬಂದು, ಬಗ್ಗಿ ನೋಡಿ, ಎದೆ ಮೇಲೆ ಕೈ ಇಟ್ಟುಕೊಂಡಳು.

"ಯಪ್ಪಾ, ಇದಿನ್ನೂ ಹಾಲು ಕುಡಿಯೋ ಕರು. ಇದ್ರ ಕೈಲಿ ಒಂಬತ್ತು ಜನನ್ನ ಎಳಸಿದಿರಾ? ಹಾರ ಆಮ್ಯಾಲೆ ಹಾಕ್ಕಳ್ರಿ. ಮೊದ್ಲು ಅದನ್ನ ನೆಳ್ಳಿಗೆ ಕಟ್ರಿ."