ಅಪ್ಪನ ಕಾರಿಗೆ ಅರಿಶಿನ

ಕಾರು ಬಿಸಿಯಾಗುತ್ತದೆ ಎಂದರೆ ಒಳಗೆ ನೀರು ನಿಲ್ಲುತ್ತಿಲ್ಲ ಎಂದರ್ಥ. ನೀರು ನಿಲ್ಲುತ್ತಿಲ್ಲ ಎಂದರೆ ಎಲ್ಲೋ ತೂತಿದೆ ಎಂದರ್ಥ. ತೂತು ಮುಚ್ಚುವುದಕ್ಕೆ ಎಂಜಿನಿಯರಿಂಗ್ ಓದಬೇಕೇ? ನಾನು ಓದಿದ್ದು ಬಿ.ಕಾಂ. ಆದರೂ ಆ ಭಾನುವಾರ ಬೆಳಿಗ್ಗೆ ಬಸವನಗುಡಿಯ ನಮ್ಮ ಮನೆಯ ಗೇಟಿನೊಳಗೆ ಪಂಚೆ ಎತ್ತಿ ಕಟ್ಟಿ, ಅಪ್ಪನ ಹಳೆಯ ಕಾರಿನ ಬಾನೆಟ್ ಎತ್ತಿದಾಗ ನನ್ನ ಆತ್ಮವಿಶ್ವಾಸದಲ್ಲಿ ಎಲ್ಲಿಯೂ ತೂತಿರಲಿಲ್ಲ.

ಮರುದಿನ ಆ ಕಾರು ಗುಜರಿಗೆ ಹೋಗುವುದಿತ್ತು. ಅಪ್ಪ ತೀರಿಕೊಂಡ ಮೇಲೂ ಅದನ್ನು ಒರೆಸಿ ಒರೆಸಿ ಇಟ್ಟುಕೊಂಡಿದ್ದೆವು. ಅದರ ಕಾಗದಪತ್ರಗಳ ಅವಧಿ ಆ ವಾರಕ್ಕೆ ಮುಗಿಯುತ್ತಿತ್ತು. ಅಮ್ಮ ಕೇಳಿದ್ದು ಒಂದೇ.

"ಗಾಂಧಿ ಬಜಾರಿಗೆ ಒಂದೇ ಒಂದು ರೌಂಡು ಕರ್ಕೊಂಡು ಹೋಗೋ. ಆಮೇಲೆ ಯಾರಿಗಾದ್ರೂ ಕೊಡು."

"ರೀ, ಮೆಕ್ಯಾನಿಕ್‌ಗೆ ಫೋನ್ ಮಾಡಿ," ಎಂದಳು ನನ್ನ ಹೆಂಡತಿ ಸುಮಾ.

"ಅಪ್ಪ ಯಾವತ್ತಾದ್ರೂ ಮೆಕ್ಯಾನಿಕ್‌ನ ಕರೆಸಿದ್ರಾ?"

ಕರೆಸಿರಲಿಲ್ಲ. ನನ್ನ ಬಾಲ್ಯದ ಭಾನುವಾರಗಳೆಲ್ಲ ಬಾನೆಟ್ಟಿನೊಳಗೆ ಬಗ್ಗಿದ ಅಪ್ಪನ ಬೆನ್ನಿನಿಂದಲೇ ಶುರುವಾಗುತ್ತಿದ್ದವು. ಹೆಗಲ ಮೇಲೆ ಟವೆಲು, ಕೈಯಲ್ಲಿ ಸ್ಪಾನರ್, ಒಳಗಿನಿಂದ ಉಪ್ಪಿಟ್ಟಿನ ವಾಸನೆ. ರೇಡಿಯೇಟರ್ ಸೋರಿದರೆ ಅಪ್ಪ ಅರಿಶಿನದ ಪುಡಿ ಹಾಕುತ್ತಿದ್ದರು. ಅದು ನೀರಿನಲ್ಲಿ ಊದಿಕೊಂಡು ತೂತಿಗೆ ಮೆತ್ತಿಕೊಳ್ಳುತ್ತದಂತೆ. ಆ ಕಾಲದ ಡ್ರೈವರುಗಳೆಲ್ಲ ಬಲ್ಲ ಉಪಾಯ. ನಿಜ ಹೇಳುತ್ತೇನೆ, ಅಪ್ಪನ ಹಾಗೆ ಒಂದು ಸಲವಾದರೂ ಬಗ್ಗಿ ನಿಲ್ಲಬೇಕೆಂಬ ಆಸೆ ನನಗೆ ಬಹಳ ವರ್ಷದಿಂದ ಇತ್ತು.

ರೇಡಿಯೇಟರಿನ ಮುಚ್ಚಳ ತೆಗೆದು ನೋಡಿದರೆ ಒಳಗೆಲ್ಲ ತುಕ್ಕು. ತುಕ್ಕಿನ ಮೇಲೆ ಅರಿಶಿನ ನಿಂತೀತೇ? ಮೊದಲು ತೊಳೆಯಬೇಕು. ನಮ್ಮ ಮನೆಯ ಹಿತ್ತಾಳೆ ದೀಪಗಳನ್ನು ಹೊಳೆಯಿಸುವ ಹುಣಸೆಹಣ್ಣು ರೇಡಿಯೇಟರಿಗೆ ಏಕಾಗಬಾರದು ಎಂಬ ಮಹತ್ತರ ವೈಜ್ಞಾನಿಕ ಪ್ರಶ್ನೆ ನನ್ನಲ್ಲಿ ಉದ್ಭವಿಸಿದ್ದು ಆಗಲೇ. ಡಬ್ಬದಲ್ಲಿದ್ದಷ್ಟನ್ನೂ ನೆನೆಸಿ, ಕಿವುಚಿ, ಸುರಿದೆ. ಸೋಸುವುದನ್ನು ಮರೆತೆ! ಎಂಜಿನ್ ಸ್ವಲ್ಪ ಹೊತ್ತು ಓಡಿಸಿ, ಕೆಳಗಿನ ತಿರುಪು ಬಿಚ್ಚಿ ನೀರು ಬಿಟ್ಟೆ. ಒಂದಿಷ್ಟು ಕಂದು ನೀರು ಬಂತು. ಉಳಿದ ಹುಳಿ, ನಾರು, ಬೀಜ ಎಲ್ಲವೂ ಒಳಗೇ ಸಂಸಾರ ಹೂಡಿದವು. ಕೆಲಸ ಆಗುತ್ತಿದೆ ಎಂದು ನಾನು ತೀರ್ಮಾನಿಸಿದೆ.

ತಿರುಪು ಬಿಗಿದು ಹೊಸ ನೀರು ತುಂಬಿದ ಮೇಲೆ ಅರಿಶಿನದ ಸರದಿ. ಅಪ್ಪ ಹಾಕುತ್ತಿದ್ದದ್ದು ಎಷ್ಟು ಚಮಚ ಎನ್ನುವುದು ನೆನಪಾಗಲಿಲ್ಲ. ಪ್ಯಾಕೆಟ್ ಪೂರ್ತಿ ಸುರಿದೆ.

ಮೇಲಿನ ರಬ್ಬರ್ ಪೈಪು ಬಿರುಕು ಬಿಟ್ಟಿತ್ತು. ಕೈಗೆ ಸಿಕ್ಕಿದ ಒಂದು ಲಂಗದ ಲಾಡಿಯಿಂದ ಅದನ್ನು ಬಿಗಿದೆ.

"ಅದು ನನ್ನ ಹೊಸಾ ಲಂಗದ್ದು," ಎಂದಳು ಸುಮಾ.

"ಅದಕ್ಕೇ ಇಷ್ಟು ಗಟ್ಟಿಯಾಗಿದೆ," ಎಂದೆ.

ಅಷ್ಟರಲ್ಲಿ ಅಮ್ಮ ರೇಷ್ಮೆ ಸೀರೆಯುಟ್ಟು, ಪರ್ಸು ಹಿಡಿದು ಬಂದು ಮುಂದಿನ ಸೀಟಿನಲ್ಲಿ ಕೂತಳು. ಮುಖದ ತುಂಬ ಸಂಭ್ರಮ. ಕೀ ತಿರುಗಿಸಿದೆ. ಕಾರು ಗೇಟು ದಾಟಿ ರಸ್ತೆಗೆ ಇಳಿಯಿತು. ಅರ್ಧ ರಸ್ತೆಯವರೆಗೆ ನಾನು ಅಪ್ಪನ ಮಗನೇ!

ಸುಮಾಳ ವಾಕಿಂಗ್ ಗೆಳತಿಯ ಗಂಡ, ನಿವೃತ್ತ ಗುಮಾಸ್ತ ರಾಯರ ಮನೆಯ ಹತ್ತಿರ ಬರುತ್ತಲೇ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಯಿತು. ಬಾನೆಟ್ಟಿನ ಸಂದಿಗಳಿಂದ ಹಬೆ ಎದ್ದಿತು. ಹಬೆಯ ಜೊತೆಗೆ ಪರಿಮಳ! ಹುಣಸೆಹುಳಿ, ಅರಿಶಿನ, ಕುದಿಯುವ ನೀರು: ನಮ್ಮ ರಸ್ತೆಯ ಅಷ್ಟೂ ಮೂಗುಗಳಿಗೆ ಪರಿಚಯವಿದ್ದ ವಾಸನೆ. ರಾಯರು ಪೇಪರ್ ಮಡಚಿಕೊಂಡು ಹೊರಗೆ ಬಂದರು.

"ಸಾರು ಚೆನ್ನಾಗಿ ಕುದೀತಿದೆ ಸಾರ್. ಒಗ್ಗರಣೆ ಒಂದು ಬಾಕಿ."

ಅದೂ ಆಯಿತು. ಲಾಡಿ ಸಡಿಲಾಗಿ ಪೈಪು ಚಟಾರೆಂದು ಸಿಡಿಯಿತು. ಹಳದಿ ಪ್ರವಾಹವೊಂದು ರಾಯರ ಮನೆಯ ರಂಗೋಲಿಯನ್ನು ಅಳಿಸಿಕೊಂಡು ಚರಂಡಿ ಸೇರಿತು. ಎಂಜಿನ್ ಒಂದು ಸಲ ಕೆಮ್ಮಿ ಸುಮ್ಮನಾಯಿತು.

ಸುಮಾ ಓಡಿ ಬಂದಳು. "ಅತ್ತೆ, ಇಳೀರಿ. ಆಟೋ ಕರೀತೀನಿ."

"ಆಟೋ ನಾಳೇನೂ ಸಿಗುತ್ತಮ್ಮಾ. ಈ ಕಾರು ಸಿಗಲ್ಲ. ನಾನಿಳಿಯಲ್ಲ."

ಅಮ್ಮನ ಕಣ್ಣು ತುಂಬಿತ್ತು. ನನಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು. ಅವಳು ಕೇಳಿದ್ದು ಒಂದೇ ಒಂದು ರೌಂಡು, ಅದನ್ನು ಸಾರು ಮಾಡಿ ರಸ್ತೆಗೆ ಚೆಲ್ಲಿದ್ದೆ.

"ಸ್ಟೇರಿಂಗ್ ನಾನು ಹಿಡೀತೀನಿ. ನೀವು ತಳ್ಳಿ," ಎಂದಳು ಸುಮಾ.

ರಾಯರೂ ಕೈಹಾಕಿದರು. ಕಾರು ಮೆಲ್ಲಗೆ ಮುಂದಕ್ಕೆ ಉರುಳಿತು. ಗಾಂಧಿ ಬಜಾರಿನಲ್ಲಿ ಹೂವಿನವರು ಬುಟ್ಟಿ ಸರಿಸಿ ದಾರಿ ಬಿಟ್ಟರು. ದೋಸೆಗೆ ಕಾಯುತ್ತಿದ್ದವರು ಎದ್ದು ನೋಡಿದರು. ಅಮ್ಮ ಗುರುತಿದ್ದವರಿಗೂ ಇಲ್ಲದವರಿಗೂ ಕೈಬೀಸುತ್ತಿದ್ದಳು. ನಾನು ಮೊಣಕೈವರೆಗೆ ಅರಿಶಿನ ಬಳಿದುಕೊಂಡು ಹಿಂದೆ ಏದುಸಿರು ಬಿಡುತ್ತಿದ್ದೆ.

ಸ್ವಲ್ಪ ನಿಲ್ಲಿಸಿದಾಗ ಕಿಟಕಿಯ ಹತ್ತಿರ ಹೋದೆ. "ತಪ್ಪಾಯ್ತಮ್ಮ. ಅಪ್ಪ ಇದ್ದಿದ್ರೆ ಜುಮ್ಮಂತ ಓಡಿಸ್ಕೊಂಡು ಬರ್ತಿದ್ರು."

ಅಮ್ಮ ನಗತೊಡಗಿದಳು.

"ಯಾರು, ನಿಮ್ಮಪ್ಪಾನಾ? ಅವರು ರಿಪೇರಿ ಮಾಡಿದ ದಿನ ಎಲ್ಲಾ ನಾನೇ ಕಣೋ ತಳ್ತಿದ್ದದ್ದು. ನೀನು ಹಿಂದಿನ ಸೀಟಲ್ಲಿ ನಿದ್ದೆ ಹೊಡೀತಿದ್ದೆ. ಯಾರಿಗೂ ಹೇಳ್ಬೇಡ ಅಂತಿದ್ರು. ಈ ಬಜಾರಲ್ಲಿ ಇಳೀದೇ ಕೂತ್ಕೊಂಡು ಬಂದಿರೋದು ಇವತ್ತೇ ಮೊದಲು."

ಅಮ್ಮ ಸೆರಗು ಸರಿಮಾಡಿಕೊಂಡು ಕಾಲು ಚಾಚಿ ಕೂತಳು. "ಚೆನ್ನಾಗಿದೆ. ಇನ್ನೊಂದು ರೌಂಡು ಹೋಗೋಣ."

ಅಪ್ಪನ ರಿಪೇರಿಯ ವಿದ್ಯೆ ನನಗೆ ಒಂದಿಷ್ಟೂ ಕಮ್ಮಿಯಿಲ್ಲದೆ ಬಂದಿದೆಯೆಂದು ಅಂದು ಖಾತ್ರಿಯಾಯಿತು. ಅಮ್ಮನ ತೋಳಿನ ಬಲ ಮಾತ್ರ ಬಂದಿರಲಿಲ್ಲ. ಎರಡನೆಯ ರೌಂಡಿನ ಅರ್ಧದಲ್ಲಿ ನನ್ನನ್ನೂ ಕಾರಿನೊಳಗೆ ಕೂರಿಸಿ, ರಾಯರೂ ಹೂವಿನವರೂ ಸೇರಿ ತಳ್ಳಬೇಕಾಯಿತು.